ವೆಲ್ಡಾಳ ಚೀಲದ ಡೆರಿಂಜರ್

ಹೆಂಡತಿಯ ಕೈಚೀಲದಲ್ಲಿ ತಾನು ಕೊಡಿಸದ ಪಿಸ್ತೂಲು ಸಿಕ್ಕಿದ ದಿನ ಅರ್ಲಿಸ್ ಟ್ಯಾಕೆಟ್‌ಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಅವನು ಹುಡುಕಿದ್ದು ಪೆಪ್ಪರ್‌ಮೆಂಟು. ವೆಲ್ಡಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಚೀಲ ಅಡುಗೆಮನೆಯ ಮೇಜಿನ ಮೇಲಿತ್ತು. ಕೈ ಹಾಕಿದರೆ ಕರ್ಚೀಪು, ಬಾಚಣಿಗೆ, ಕೂಪನ್ನುಗಳ ಕಂತೆ, ಅದರಡಿಯಲ್ಲಿ ತಣ್ಣಗಿನ ಲೋಹ. ಎತ್ತಿ ನೋಡಿದ. ಅಂಗೈಯಗಲದ ಡೆರಿಂಜರ್. ಒಂದರ ಮೇಲೊಂದು ಎರಡು ಮೋಟು ನಳಿಗೆ, ಮುತ್ತಿನ ಹಾಗೆ ಕಾಣಲಿ ಅಂತ ಹಾಕಿದ ಪ್ಲಾಸ್ಟಿಕ್ ಹಿಡಿ, ಆಟಿಕೆ ಸಾಮಾನಿನ ಹೊಳಪು. ಇಂಥ ಅಗ್ಗದ ಮಾಲು ಆ ಊರಲ್ಲಿ ಮಾರುವವನು ಒಬ್ಬನೇ, ರಾಯ್ಸ್ ಹ್ಯಾಲ್ಬರ್ಟ್.

ಅರ್ಲಿಸ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಉರಿಯದೆ ಏನಾದೀತು? ಮದುವೆಯ ವಾರ್ಷಿಕೋತ್ಸವ ಬಂತೆಂದರೆ ಬೇರೆ ಗಂಡಂದಿರು ಸರ, ಓಲೆ ಅಂತ ಓಡಾಡಿದರೆ ಅರ್ಲಿಸ್ ಬಂದೂಕಿನಂಗಡಿಗೆ ಹೋಗುತ್ತಿದ್ದ. ಮದುವೆಯಾದ ವರ್ಷ ಮೊಲ ಹೊಡೆಯುವ ಸಣ್ಣ ರೈಫಲ್ಲು. ಮಗಳು ಹುಟ್ಟಿದ ವರ್ಷ ಜೋಡಿನಳಿಗೆಯ ಕೋವಿ. ವೆಲ್ಡಾಳ ಅಮ್ಮ ತೀರಿಕೊಂಡ ವರ್ಷ, ಪಾಪ ಸಂಕಟದಲ್ಲಿದ್ದಾಳೆ ಅಂತ, ಬೆಳ್ಳಿ ಕೆಲಸದ ರಿವಾಲ್ವರು. ಮಲಗುವ ಕೋಣೆಯ ಗಾಜಿನ ಬೀರುವಿನಲ್ಲಿ ಅವನ ಪ್ರೀತಿಯೆಲ್ಲ ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ನಿಂತಿತ್ತು. "ನಾನು ಸತ್ರೆ ಇದೆಲ್ಲಾ ಜೊತೆಗೇ ಹೂಳ್ತೀಯೇನೋ?" ಅಂತ ವೆಲ್ಡಾ ನಗುತ್ತಿದ್ದಳು. ಅಂಥ ಮನೆಗೆ ಇನ್ನೊಬ್ಬ ಗಂಡಸಿನ ಕೈಯಿಂದ ಪಿಸ್ತೂಲು ಬಂದಿದೆಯೆಂದರೆ, ಅವಳ ಬೆರಳಿಗೆ ಇನ್ನೊಬ್ಬನ ಉಂಗುರ ಬಂದ ಹಾಗೇ ಅಲ್ಲವೇ? ಅರ್ಲಿಸ್ ಹಾಗೇ ಲೆಕ್ಕ ಹಾಕಿದ. ಡೆರಿಂಜರನ್ನು ಇದ್ದಲ್ಲೇ ಇಟ್ಟ. ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಭಯ.

ಈ ರಾಯ್ಸ್ ಯಾರು ಅಂದರೆ, ಎರಡು ವರ್ಷದ ಹಿಂದೆ ಟೆಕ್ಸಾಸ್ ಕಡೆಯಿಂದ ಒಕ್ಲಹೋಮದ ಈ ಗಾಳಿಯೂರಿಗೆ ಬಂದ ವಿಧುರ. ಕೆರೆಯ ಹತ್ತಿರ ಮೀನುಗಾಳದ ಅಂಗಡಿ ಇಟ್ಟಿದ್ದ, ಎರೆಹುಳದ ಡಬ್ಬಿಗಳ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಕಡಿಮೆ ಬೆಲೆಯ ಪಿಸ್ತೂಲುಗಳು. ಹೆಂಗಸರಿಗೆ ಗುರುವಾರ ಗುಂಡು ಹೊಡೆಯುವುದನ್ನು ಕಲಿಸುತ್ತಿದ್ದ. ಚರ್ಚಿನ ಹಾಡುಗಾರರ ಸಾಲಿನಲ್ಲಿ ಹಿಂದೆ ನಿಂತು ಆಳದ ದನಿಯಲ್ಲಿ ಹಾಡಿದರೆ ಮುದುಕಿಯರೆಲ್ಲ ಕರಗಿ ನೀರು. ಅದು ಸಾಲದೆಂದು ಮೀಸೆ ಬೇರೆ. ಚರ್ಚಿನ ಕಾವಲು ತಂಡ ಕಟ್ಟಿದವನು ಅರ್ಲಿಸ್. ಪ್ರಾರ್ಥನೆ ನಡೆಯುವಾಗ ಸೊಂಟದಲ್ಲಿ ದೊಡ್ಡ ಪಿಸ್ತೂಲಿಟ್ಟುಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವವನೂ ಅವನೇ. ಆ ಕುರ್ಚಿಯ ಮೇಲೂ ರಾಯ್ಸನ ಕಣ್ಣಿದೆ ಎಂಬ ಗುಮಾನಿ ಅವನಿಗೆ ಮೊದಲಿನಿಂದಲೂ ಇತ್ತು. ಈಗ ಕುರ್ಚಿಯ ಮಾತು ಹಾಗಿರಲಿ, ಕಣ್ಣು ಬಿದ್ದಿರುವುದು ಯಾರ ಮೇಲೆ ಅಂತ ಗೊತ್ತಾಯಿತು ಅಂದುಕೊಂಡ.

ಅದರ ಮೇಲೆ ಅರ್ಲಿಸ್‌ಗೆ ತನ್ನದೇ ಒಂದು ಗುಟ್ಟಿತ್ತು. ವಸಂತದಿಂದ ಅವನ ಎಡಗೈ ಹೆಬ್ಬೆರಳು ಊದಿಕೊಂಡು ಬಿಗಿದಿತ್ತು. ಪಿಸ್ತೂಲಿನ ಮೇಲಿನ ಕವಚವನ್ನು ಹಿಂದಕ್ಕೆಳೆದು ಗುಂಡು ಏರಿಸುವುದು ಕೈಯಿಂದ ಆಗುತ್ತಿರಲಿಲ್ಲ. ಗ್ಯಾರೇಜಿನ ಮೇಜಿನ ಅಂಚಿಗೆ ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದು, ಏರಿಸಿಯೇ ಸೊಂಟಕ್ಕೆ ಹಾಕಿಕೊಳ್ಳುತ್ತಿದ್ದ. ಯಾರಿಗೂ ಗೊತ್ತಿಲ್ಲ ಅಂತ ಅವನ ನಂಬಿಕೆ.

ಆ ಗುರುವಾರ ವೆಲ್ಡಾ, "ಕೌದಿ ಹೊಲಿಯೋಕೆ ಹೋಗ್ತೀನಿ, ಫ್ರಿಜ್ಜಲ್ಲಿ ಮಾಂಸದ ಸಾರಿದೆ, ಬಿಸಿ ಮಾಡ್ಕೊ" ಅಂತ ಹೊರಟಳು. ಅರ್ಲಿಸ್ ಪಿಕಪ್ ಗಾಡಿಯಲ್ಲಿ ಹಿಂದೆಯೇ ಹೋದ. ಕಾರು ಚರ್ಚಿನ ಕಡೆ ತಿರುಗಲೇ ಇಲ್ಲ. ಗುಂಡು ಹೊಡೆಯುವ ಮೈದಾನದ ಗೇಟು ದಾಟಿತು. ಇವನು ಗೋಧಿಯ ಕಣಜದ ಹಿಂದೆ ಗಾಡಿ ನಿಲ್ಲಿಸಿ, ಕಳ್ಳನ ಹಾಗೆ ತಲೆ ಹೊರಹಾಕಿ ನೋಡಿದ. ವೆಲ್ಡಾ ನಿಂತಿದ್ದಾಳೆ, ಕೈಯಲ್ಲಿ ಆ ದರಿದ್ರ ಡೆರಿಂಜರು. ಹಿಂದೆ ರಾಯ್ಸ್. ಅವಳ ಮೊಣಕೈಯಡಿ ಅವನ ಕೈ. ಅವಳು ಎಡಗೈ ಅಂಗೈಯಿಂದ ಪಿಸ್ತೂಲಿನ ಬೆನ್ನಿನ ಮೇಲಿನ ಕುದುರೆಯನ್ನು ಹಿಂದಕ್ಕೆಳೆದು ಟ್ರಿಗರ್ ಒತ್ತಿದಳು, ಢಂ ಅಂತು, ಅವಳು ತಿರುಗಿ ನಕ್ಕಳು. ಬಾಯಿ ತುಂಬ, ತಲೆ ಹಿಂದಕ್ಕೆ ಹಾಕಿ. ಆ ನಗುವನ್ನು ತನ್ನ ಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತು ಅಂತ ಯೋಚಿಸುತ್ತ ಅರ್ಲಿಸ್ ತಲೆ ಒಳಗೆಳೆದುಕೊಂಡು ಗಾಡಿ ತಿರುಗಿಸಿದ.

ಸಂಜೆ ಮನೆಗೆ ಬಂದವಳನ್ನು ಕೇಳಿದ, "ಕೌದಿ ಎಲ್ಲಿಗೆ ಬಂತು?"

"ಅಂಚು ಉಳಿದಿದೆ," ಅಂದಳು ವೆಲ್ಡಾ, ಕಣ್ಣು ತಪ್ಪಿಸಿ.

ಸುಳ್ಳು ಹೇಳಲು ಬರದವಳು ಸುಳ್ಳು ಹೇಳಿದರೆ ಅದು ಇನ್ನೂ ಹೆಚ್ಚು ಸುಡುತ್ತದೆ. ಅವನು ಸಾರಿನ ಬಟ್ಟಲು ಹಾಗೇ ಬಿಟ್ಟೆದ್ದ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಊಟದ ಹಾಲಿನಲ್ಲಿ ಕಾವಲು ತಂಡದ ಸಭೆ. ಮುಂದಿನ ಶನಿವಾರ ವರ್ಷದ ಪರೀಕ್ಷೆ. ತಂಡದಲ್ಲಿರುವವರೆಲ್ಲ ಮೈದಾನದಲ್ಲಿ ಗುಂಡು ಹೊಡೆದು ತೋರಿಸಬೇಕು. ಮೇಜಿನ ಮೇಲೆ ಬೀನ್ಸಿನ ಕ್ಯಾಸರೋಲು, ಹುರಿದ ಕೋಳಿ, ಐಸು ಹಾಕಿದ ಸಿಹಿ ಚಹಾ. ಕೋಳಿಯ ಕಾಲು ಮುಗಿಸಿ ಬಾಯೊರೆಸಿಕೊಂಡು ರಾಯ್ಸ್ ಎದ್ದುನಿಂತ. ತಂಡದವರೆಲ್ಲ ಜೇಬಿನಲ್ಲಿ ಎರಡನೆಯದೊಂದು ಸಣ್ಣ ಪಿಸ್ತೂಲು ಇಟ್ಟುಕೊಳ್ಳಬೇಕು, ಡೆರಿಂಜರ್ ಆದರೆ ಸಾಕು ಅಂದ.

"ಎರಡನೇದು ಯಾಕಪ್ಪಾ ಬೇಕು?" ಅಂತ ಎಣ್ಣೆಬಾವಿಯಲ್ಲಿ ಕೆಲಸ ಮಾಡುವ ಓಡೆಲ್ ಕಣ್ಣು ಹೊಡೆದ. ಅವನಿಗೆ ಯಾರನ್ನಾದರೂ ಕಿಚಾಯಿಸದಿದ್ದರೆ ತಿಂದದ್ದು ಅರಗುವುದಿಲ್ಲ. "ಮೊದಲನೇದ್ರ ಮೇಲೆ ನಂಬಿಕೆ ಹೋದವರು ಇಟ್ಕೊಳ್ಳೋದು ಅದು!"

ಎಲ್ಲರೂ ನಕ್ಕರು. ಅರ್ಲಿಸ್ ನಗಲಿಲ್ಲ. "ಬ್ರದರ್ ರಾಯ್ಸ್, ಅದ್ರಲ್ಲಿ ಇರೋದೇ ಎರಡು ಗುಂಡು. ಆಮೇಲೆ ಏನು ಮಾಡ್ತೀರಿ? ಸ್ವಲ್ಪ ತಡೀರಿ ಸ್ವಾಮಿ, ತುಂಬ್ಕೊಂಡು ಬರ್ತೀನಿ ಅಂತೀರಾ? ಟ್ರಿಗರ್ ಎಳೆಯೋಕೆ ಜೋಡೆತ್ತು ಕಟ್ಟಬೇಕು. ಅಲ್ಲಿ ಪಿಯಾನೋಗೆ ಗುರಿಯಿಟ್ರೆ ಇಲ್ಲಿ ಪಾದ್ರಿಗೆ ಬೀಳುತ್ತೆ."

"ಪಿಯಾನೋ ದೂರಕ್ಕೆ ಅದಲ್ಲ, ಬ್ರದರ್ ಅರ್ಲಿಸ್," ಅಂದ ರಾಯ್ಸ್, ಒಂದಿಷ್ಟೂ ದನಿ ಏರಿಸದೆ. "ಈ ಮೇಜಿನ ಅಗಲಕ್ಕೆ. ನಿಮ್ಮ ಕತ್ತಿನ ಪಟ್ಟಿ ಹಿಡಿದವನು ಮೇಜಿನಗಲ ದೂರದಲ್ಲೇ ಇರ್ತಾನೆ. ದೊಡ್ಡದನ್ನ ಬಿಡಿ ಅಂತ ನಾನೆಲ್ಲಂದೆ? ಸೊಂಟದಲ್ಲೇ ಇರ್ಲಿ. ಅದು ಸಿಕ್ಕಾಕ್ಕೊಂಡ್ರೆ, ಯಾರಾದ್ರೂ ಕಿತ್ಕೊಂಡ್ರೆ, ಆಗ ಇದು. ಇದ್ರಲ್ಲಿ ಕೆಡೋಕೆ ಏನಿದೆ? ಎರಡು ನಳಿಗೆ, ಒಂದು ಕುದುರೆ. ಬೆಲೆನೂ ಕೈಗೆಟುಕುತ್ತೆ. ಎಷ್ಟೋ ಜನಕ್ಕೆ ಇದೇ ಮೊದಲನೇದು, ಇದೇ ಕೊನೇದು."

"ಅಗ್ಗದ್ದು ಸಮಯಕ್ಕೆ ಸರಿಯಾಗಿ ಕೈಕೊಡುತ್ತೆ."

"ಶನಿವಾರ ನೋಡೋಣ ಬಿಡಿ. ನನ್ನ ಗುರುವಾರದ ಶಿಷ್ಯರಲ್ಲಿ ಒಬ್ರು ಹೊಡೆದು ತೋರಿಸ್ತಾರೆ." ಹೀಗೆಂದು ರಾಯ್ಸ್ ಹಾಲಿನ ಆ ತುದಿಗೆ ನೋಡಿದ. ಅಲ್ಲಿ ಪೆಕಾನ್ ಪೈ ಕತ್ತರಿಸುತ್ತಿದ್ದ ವೆಲ್ಡಾ ತಲೆಯೆತ್ತಿ ಸಣ್ಣಗೆ ನಕ್ಕಳು. ಆ ನಗು ಮೇಜುಗಳನ್ನೆಲ್ಲ ದಾಟಿ ರಾಯ್ಸನಿಗೆ ತಲುಪಿದ್ದನ್ನು ಅರ್ಲಿಸ್ ಕಣ್ಣಾರೆ ಕಂಡ. ಊರೆದುರಿಗೆ, ಮೀಸೆಯವನ ಪಕ್ಕ ನಿಂತು, ಅವನು ಕೊಟ್ಟ ಪಿಸ್ತೂಲಿನಲ್ಲಿ, ತನ್ನ ಹೆಂಡತಿ! ಅಷ್ಟು ಸಾಕಾಯಿತು ಅವನ ತಲೆ ಕೆಡಲು.

ಆ ಪರೀಕ್ಷೆಗೆ ಒಂದು ನಿಯಮವಿತ್ತು, ಅದನ್ನು ಮಾಡಿದವನೂ ಅರ್ಲಿಸ್‌ನೇ. ಹಿಂದೊಮ್ಮೆ ಚರ್ಚಿನ ಹಿರಿಯನೊಬ್ಬನ ಪಿಸ್ತೂಲಿನೊಳಗೆ ಜೇಬಿನ ನೂಲಿನ ಕಸ, ಅಗಿದುಬಿಟ್ಟ ಚೂಯಿಂಗ್ ಗಮ್ಮು ಎಲ್ಲ ಸಿಕ್ಕಿ ನಗೆಪಾಟಲಾಗಿತ್ತು. ಅಂದಿನಿಂದ, ಪರೀಕ್ಷೆಯ ಮೊದಲ ಗುಂಡುಗಳನ್ನು ಪಿಸ್ತೂಲು ಜೇಬಿನಲ್ಲಿ, ಚೀಲದಲ್ಲಿ ಹೇಗೆ ಬಂತೋ ಹಾಗೇ ಹೊಡೆಯಬೇಕು. ಅಲ್ಲಿಗೆ ಬಂದು ಬಿಚ್ಚಿ ನೋಡುವಂತಿಲ್ಲ, ತೋಟಾ ಬದಲಿಸುವಂತಿಲ್ಲ.

ಅದೇ ಭಾನುವಾರ ಮಧ್ಯಾಹ್ನ ವೆಲ್ಡಾ ಸೋಫಾದ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದಳು. ಅರ್ಲಿಸ್ ಚೀಲದಿಂದ ಡೆರಿಂಜರ್ ತೆಗೆದು ಗ್ಯಾರೇಜಿಗೆ ಹೋದ. ಬದಿಯ ಚಿಲಕ ತಿರುಗಿಸಿ ನಳಿಗೆಗಳನ್ನು ಮೇಲಕ್ಕೆ ಮಡಚಿದ, ಎರಡು ಹೊಸ ತೋಟಾ ಹೊರಗೆಳೆದ. ಆ ಜಾಗಕ್ಕೆ ತನ್ನ ಡಬ್ಬಿಯಿಂದ ಹಾರಿಸಿ ಮುಗಿದ ಎರಡು ಖಾಲಿ ತೋಟಾ ತುರುಕಿದ. ತೋಟಾಗಳನ್ನು ಅವನು ಮನೆಯಲ್ಲೇ ತುಂಬುತ್ತಿದ್ದ, ತೇವ ಒಳಗಿಳಿಯಬಾರದೆಂದು ತಳಕ್ಕೆ ವೆಲ್ಡಾಳ ಹಳೆಯ ಕೆಂಪು ಉಗುರುಬಣ್ಣ ಸವರುತ್ತಿದ್ದ. ಪಿಸ್ತೂಲು ಮುಚ್ಚಿದರೆ ಏನೂ ಕಾಣದು. ನಳಿಗೆಯ ಬಾಯಿಗೆ ಕಣ್ಣಿಟ್ಟರೆ ಕಂಡೀತು, ಆದರೆ ಆ ಊರಲ್ಲಿ ಎಷ್ಟು ದಡ್ಡನಾದರೂ ಬಂದೂಕಿನ ಬಾಯಿಗೆ ಕಣ್ಣಿಡುವುದಿಲ್ಲ. ಶನಿವಾರ ಕುದುರೆ ಎಳೆಯುತ್ತಾಳೆ, ಕ್ಲಿಕ್ ಅನ್ನುತ್ತದೆ. ಮತ್ತೆ ಎಳೆಯುತ್ತಾಳೆ, ಮತ್ತೆ ಕ್ಲಿಕ್. ರಾಯ್ಸನ ಮೀಸೆ ಮಣ್ಣಾಗುತ್ತದೆ. ಅವಳು ಬಿಚ್ಚುವ ಮೊದಲೇ ತಾನು ಇಸಿದುಕೊಂಡು ಖಾಲಿ ತೋಟಾ ಜೇಬಿಗಿಳಿಸಿದರಾಯಿತು. ಇಷ್ಟೇ ಅವನ ಹಂಚಿಕೆ. ಚೀಲವನ್ನು ಇದ್ದಲ್ಲಿಟ್ಟು, ಬಹಳ ದಿನಗಳ ಮೇಲೆ ಸೀಟಿ ಹಾಕಿದ.

ವೆಲ್ಡಾಳ ಕೆಲಸವೆಂದರೆ ದೂರದೂರದ ತೋಟದ ಮನೆಗಳಿಗೆ ಒಬ್ಬಳೇ ಕಾರಿನಲ್ಲಿ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವುದು. ಇದು ಅರ್ಲಿಸ್‌ಗೆ ಗೊತ್ತಿಲ್ಲದ್ದಲ್ಲ. ಹೊಟ್ಟೆಕಿಚ್ಚಿನಲ್ಲಿ ಅದು ನೆನಪಿಗೆ ಬರಲಿಲ್ಲ ಅನ್ನೋಣ.

ಬುಧವಾರ ರಾತ್ರಿಯೂಟಕ್ಕೆ ಕೂತಾಗ ಅವಳೇ ಶುರುಮಾಡಿದಳು. ಚೀಲ ಇನ್ನೂ ಹೆಗಲ ಮೇಲೇ ಇತ್ತು.

"ಇವತ್ತು ಹೈವೇ ಬಂಕಲ್ಲಿ ಪೆಟ್ರೋಲ್ ಹಾಕ್ತಾ ಇದ್ದೆ. ಯಾರೂ ಇರ್ಲಿಲ್ಲ. ಒಬ್ಬ ಬಂದು ಕಾರಿನ ಬಾಗಿಲಿಗೂ ನನಗೂ ಮಧ್ಯೆ ನಿಂತ್ಕೊಂಡ. ಕೀ ಕೊಡು ಅಂದ."

ಅರ್ಲಿಸ್‌ನ ಚಮಚ ನಿಂತಿತು. "ಆಮೇಲೆ?"

"ನನ್ನ ಚೀಲದಲ್ಲಿ ಸಣ್ಣದೊಂದು ಪಿಸ್ತೂಲಿದೆ ಕಣೋ. ನಿನಗೆ ಶನಿವಾರ ಹೇಳೋಣ ಅಂತಿದ್ದೆ, ಇರ್ಲಿ. ಚೀಲದೊಳಗೆ ಕೈಯಿಟ್ಟು, ಹಿಂದೆ ಹೋಗು ಅಂದೆ. ಅವನು ನನ್ನ ಮುಖ ನೋಡಿದ, ಚೀಲ ನೋಡಿದ. ಎಷ್ಟು ಹೊತ್ತು ನೋಡಿದ್ನೋ ಏನೋ. ನಾನು ಕದಲಲಿಲ್ಲ. ಆಮೇಲೆ ಉಗಿದು ಹೊರಟುಹೋದ. ಅದಿಲ್ಲದೆ ಇದ್ದಿದ್ರೆ ಕೀ ಅವನ ಮುಖಕ್ಕೆಸೆದು ಅಂಗಡಿಯೊಳಗೆ ಓಡಿರ್ತಿದ್ದೆ. ಅದಿದೆಯಲ್ಲ ಅಂತ ನಿಂತೆ."

ಅದರಲ್ಲಿ ಏನೂ ಇರಲಿಲ್ಲ ವೆಲ್ಡಾ, ಓಡಬೇಕಿತ್ತು ನೀನು ಅನ್ನುವ ಮಾತು ಅರ್ಲಿಸ್‌ನ ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದೂ ತೆರೆದ.

ಅಷ್ಟರಲ್ಲಿ ಅವಳೆಂದಳು, "ರಾಯ್ಸ್ ಹೇಳ್ಕೊಟ್ಟಿದ್ದು ಒಳ್ಳೇದಾಯ್ತು. ಹೊರಗೆ ತೆಗೀಬೇಡ, ಚೀಲದಲ್ಲೇ ಹಿಡ್ಕೊ, ದನಿ ಮಾತ್ರ ನಡುಗಬಾರದು ಅಂದಿದ್ದ. ದೇವರು ಅವನನ್ನ ಚೆನ್ನಾಗಿಟ್ಟಿರಲಿ."

ರಾಯ್ಸ್ ಹೇಳಿಕೊಟ್ಟ. ರಾಯ್ಸ್ ಚೆನ್ನಾಗಿರಲಿ. ನಲವತ್ತು ವರ್ಷ ಬೀರು ತುಂಬಿಸಿದವನಿಗೆ ಒಂದು ಮಾತಿಲ್ಲ, ಎರೆಹುಳ ಮಾರುವವನಿಗೆ ಆಶೀರ್ವಾದ! ತೆರೆದ ಬಾಯಿ ಹಾಗೇ ಮುಚ್ಚಿತು. ವೆಲ್ಡಾ ಅವನನ್ನೇ ನೋಡುತ್ತಿದ್ದಳು, ಏನಾದರೂ ಹೇಳಲಿ ಅಂತ, ಎದ್ದು ಬಂದು ಹೆಗಲ ಮೇಲೆ ಕೈಯಿಡಲಿ ಅಂತ.

"ಆ ಬೀನ್ಸ್ ಇತ್ತ ಕೊಡು," ಅಂದ ಅರ್ಲಿಸ್.

ಅವಳು ಕೊಟ್ಟಳು.

ಮರುದಿನ ಬೆಳಿಗ್ಗೆ ಎದ್ದವನೇ ಚೀಲ ಹುಡುಕಿದ, ಒಳ್ಳೆಯ ತೋಟಾಗಳನ್ನು ವಾಪಸು ಹಾಕಿಬಿಡೋಣ ಅಂತ. ಅವಳಾಗಲೇ ಚೀಲದೊಂದಿಗೆ ಕೆಲಸಕ್ಕೆ ಹೋಗಿದ್ದಳು. ಆ ವಾರ ರಾಯ್ಸ್ ಬೇರೆ ಊರಿನ ಬಂದೂಕು ಸಂತೆಗೆ ಹೋಗಿದ್ದರಿಂದ ಗುರುವಾರದ ಪಾಠವೂ ಇರಲಿಲ್ಲ, ಪಿಸ್ತೂಲು ಬಿಚ್ಚುವ ಸಂದರ್ಭ ಬರಲಿಲ್ಲ. ಬುಧವಾರದಿಂದ ಚೀಲ ಅವಳ ಹೆಗಲು ಬಿಟ್ಟಿಳಿಯಲಿಲ್ಲ. ರಾತ್ರಿ ತಲೆದಿಂಬಿನ ಪಕ್ಕದಲ್ಲೇ. ಬಾಯಿಬಿಟ್ಟು ಹೇಳುವುದೊಂದೇ ದಾರಿ. ಹೇಳಲಿಲ್ಲ. ಶನಿವಾರದವರೆಗೆ ತಾನೇ, ಏನಾಗುತ್ತದೆ ಮಹಾ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಫೋನು ರಿಂಗಣಿಸಿದಾಗಲೆಲ್ಲ ಮಾತ್ರ ಬೆವರುತ್ತಿದ್ದ.

ಶನಿವಾರ ಗಾಳಿ ಜೋರಾಗಿತ್ತು, ಗುರಿಹಲಗೆಗಳು ಪಟಪಟ ಅನ್ನುತ್ತಿದ್ದವು. ತಂಡದವರೂ ಅವರ ಹೆಂಡತಿಯರೂ ಬೆಂಚುಗಳ ಮೇಲೆ ಕೂತಿದ್ದರು. ಹೊಡೆಯುವವರ ಹೆಸರು ಕೂಗುವ ಕೆಲಸ ಈ ಸಲ ರಾಯ್ಸನದು.

"ಬಾಗಿಲ ಕಾವಲಿಗೆ ಈ ವರ್ಷ ಇಬ್ಬರು," ಅಂದ ಅವನು. "ಬ್ರದರ್ ಅರ್ಲಿಸ್, ಜೊತೆಗೆ ಸಿಸ್ಟರ್ ವೆಲ್ಡಾ."

ಅರ್ಲಿಸ್ ತಿರುಗಿ ನೋಡಿದ. ವೆಲ್ಡಾ ಎದ್ದು ಬಂದು ಅವನ ಎಡಗಡೆ, ಅರ್ಧ ಹೆಜ್ಜೆ ಹಿಂದೆ ನಿಂತಳು. ಕಲಿತು ಬಂದ ನಿಲುವು ಅದು. "ಏನಿದು?" ಅಂತ ಪಿಸುಗುಟ್ಟಿದ.

"ಚರ್ಚಿನ ಬಾಗಿಲಲ್ಲಿ ನಿನ್ನ ಜೊತೆ ಕೂರೋಣ ಅಂತ," ಅಂದಳು, ಮದುವಣಗಿತ್ತಿಯ ಹಾಗೆ ಕೆಂಪಾಗಿ. "ಹೊಡಿ ನೀನು."

ಯೋಚಿಸಲು ಸಮಯವಿರಲಿಲ್ಲ. ಸೀಟಿ ಆಯಿತು. ಅರ್ಲಿಸ್ ಪಿಸ್ತೂಲು ಎಳೆದು ಒಂದು ಹೊಡೆದ, ಎರಡು ಹೊಡೆದ. ಎರಡನೆಯ ಗುಂಡಿನ ಖಾಲಿ ಚಿಪ್ಪು ಹೊರಗೆ ಹಾರದೆ ಮೇಲಿನ ಕವಚದ ಸಂದಿಯಲ್ಲೇ ಕಚ್ಚಿಕೊಂಡಿತು. ಕವಚವನ್ನೊಮ್ಮೆ ಹಿಂದಕ್ಕೆಳೆದರೆ ಬಿದ್ದುಹೋಗುವಂಥದ್ದು. ಎಳೆದ. ಹೆಬ್ಬೆರಳು ಕೇಳಲಿಲ್ಲ. ಇನ್ನೊಮ್ಮೆ ಎಳೆದ, ಕೈ ಜಾರಿತು. ಊರೆಲ್ಲ ನೋಡುತ್ತಿತ್ತು. ಆಗ ವೆಲ್ಡಾ, ಯಾರೂ ಹೇಳದೆಯೇ, ಅವನ ಹೆಗಲು ದಾಟಿ ಮುಂದೆ ಬಂದು, ತನ್ನ ಮೈಯನ್ನು ಅವನಿಗೂ ಗುರಿಹಲಗೆಗೂ ನಡುವೆ ಅಡ್ಡವಿಟ್ಟು, ಮೇಜಿನಗಲ ದೂರದಲ್ಲಿ ಡೆರಿಂಜರ್ ಎತ್ತಿ, ಎಡಗೈ ಅಂಗೈಯಿಂದ ಕುದುರೆ ಎಳೆದು ಟ್ರಿಗರ್ ಒತ್ತಿದಳು.

ಕ್ಲಿಕ್.

ಮತ್ತೆ ಎಳೆದಳು. ಕ್ಲಿಕ್.

"ಇತ್ತ ಕೊಡು, ನಾನು ನೋಡ್ತೀನಿ," ಅಂತ ಅರ್ಲಿಸ್ ಕೈಚಾಚಿದ. ಅವಳು ಕೊಡಲಿಲ್ಲ. ಚಿಲಕ ತಿರುಗಿಸಿ ತಾನೇ ತೆರೆದಳು. ತೋಟಾಗಳನ್ನು ಅಂಗೈಗೆ ಉದುರಿಸಿಕೊಂಡು ನೋಡಿದಳು. ಮುಂದೆ ಟೊಳ್ಳು, ತಳದಲ್ಲಿ ಹಳೆಯ ಗುಳಿ, ಗುಳಿಯ ಸುತ್ತ ಅವಳದೇ ಕೆಂಪು ಉಗುರುಬಣ್ಣ. ರಾಯ್ಸ್ ಹತ್ತಿರ ಬಂದು ಇಣುಕಿದ, ಅರ್ಲಿಸ್‌ನ ಮುಖ ನೋಡಿದ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಆಚೆ ಸರಿದು ನಿಂತ.

"ಯಾವತ್ತಿಂದ?" ಅಂತ ಕೇಳಿದಳು ವೆಲ್ಡಾ.

"ಭಾನುವಾರದಿಂದ."

"ಬುಧವಾರ ನಿನಗೆ ಗೊತ್ತಿತ್ತು."

ಅವನು ನೆಲ ನೋಡಿದ.

"ನಾನು ಹೇಳಿದೆ. ಅವನು ನಿಂತಿದ್ದು, ನಾನು ನಿಂತಿದ್ದು ಎಲ್ಲಾ ಹೇಳಿದೆ. ನೀನು ಬೀನ್ಸ್ ಕೇಳಿದೆ."

ಅವಳು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. ಬೆಂಚಿನ ಮೇಲಿನ ಹೆಂಗಸರು ತಮ್ಮ ತಮ್ಮ ಚೀಲಗಳನ್ನು ಮಡಿಲಿಗೆಳೆದುಕೊಂಡರು. ಆ ಊರಲ್ಲಿ ಗಂಡಸು ಕುಡಿದದ್ದನ್ನು ಕ್ಷಮಿಸಿದ್ದಾರೆ, ಕೈಯೆತ್ತಿದ್ದನ್ನೂ ಕೆಲವರು ನುಂಗಿಕೊಂಡಿದ್ದಾರೆ. ತುಂಬಿದೆ ಅಂತ ನಂಬಿದ ಹೆಂಡತಿಯ ಕೈಗೆ ಖಾಲಿ ಪಿಸ್ತೂಲು ಕೊಟ್ಟು ದಾರಿಗೆ ಬಿಟ್ಟವನನ್ನು ಏನೆಂದು ಕರೆಯಬೇಕು ಅಂತ ಅಲ್ಲಿ ಯಾರಿಗೂ ತೋಚಲಿಲ್ಲ.

ವಾಪಸು ಬರುವಾಗ ಪಿಕಪ್ ಅವಳೇ ಓಡಿಸಿದಳು. ಅರ್ಧ ದಾರಿಯಲ್ಲಿ ಅರ್ಲಿಸ್‌ಗೆ ತಡೆಯಲಾಗಲಿಲ್ಲ. "ಅವನು ನಿನ್ನ ಮೊಣಕೈ ಹಿಡ್ಕೊಂಡಿದ್ದ. ನಾನು ನೋಡಿದೀನಿ. ನೀನು ನಗ್ತಿದ್ದೆ. ಆ ಪಿಸ್ತೂಲು ಅವನು ಕೊಟ್ಟಿದ್ದು."

"ನಾನು ಕೊಂಡಿದ್ದು. ಅವನಂಗಡೀಲಿ, ನನ್ನ ದುಡ್ಡಲ್ಲಿ. ನಿನ್ನ ಬೀರುನಲ್ಲಿರೋದು ಯಾವುದೂ ನನ್ನ ಚೀಲಕ್ಕೆ ಹಿಡಿಯಲ್ಲ." ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ವಸಂತದಿಂದ ನಿನ್ನ ಕೈಲಿ ಉಪ್ಪಿನಕಾಯಿ ಸೀಸೆ ಮುಚ್ಚಳ ತೆಗೆಯೋಕಾಗ್ತಿಲ್ಲ. ನಾನು ದಿನಾ ಸಡಿಲ ಮಾಡಿ ಇಡ್ತಿದ್ದೆ, ನಿನಗೆ ಗೊತ್ತಾಗದ ಹಾಗೆ. ಸೀಸೆಗಾದ್ರೆ ಸಡಿಲ ಮಾಡಬಹುದು. ಚರ್ಚಿನ ಬಾಗಿಲಲ್ಲಿ ನೀನು ಎಳೆಯೋಕಾಗದೆ ಒದ್ದಾಡ್ತಿರೋವಾಗ ಯಾರಾದ್ರೂ ನುಗ್ಗಿದ್ರೆ? ಅದಕ್ಕೇ ಕಲಿತೆ. ನಗ್ತಿದ್ದೆ ಅಂದ್ಯಲ್ಲ, ಹೂಂ, ನಗ್ತಿದ್ದೆ. ಗುರಿ ತಾಗಿತ್ತು."

"ಹೇಳಬಹುದಿತ್ತು ನೀನು."

"ಕೇಳಬಹುದಿತ್ತು ನೀನು. ರಾಯ್ಸ್ ಜೊತೆ ಮಲಗಿದೀಯಾ ಅಂತ ಮುಖಕ್ಕೇ ಕೇಳಿದ್ರೆ ಕಪಾಳಕ್ಕೆ ಎರಡು ಬಿಟ್ಟು, ಅವತ್ತೇ ಮರೆತುಬಿಡ್ತಿದ್ದೆ."

"ತಪ್ಪಾಯ್ತು ವೆಲ್ಡಾ," ಅಂದ ಅರ್ಲಿಸ್. ಅವನಿಗೆ ಅಳು ಬಂದಿತ್ತು. "ಹೊಟ್ಟೆಕಿಚ್ಚು ಕಣೇ. ಕಣ್ಣು ಕಾಣಿಸಲಿಲ್ಲ ನನಗೆ."

"ಗೊತ್ತು," ಅಂದಳು ಅವಳು. ಅಷ್ಟೇ ಅಂದಳು.

ಅವಳು ಬಿಟ್ಟುಹೋಗಲಿಲ್ಲ. ರಾಯ್ಸನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಮರುವರ್ಷ ಗೋಧಿ ಕಣಜದವನ ತಂಗಿಯನ್ನು ಮದುವೆಯಾದ, ವೆಲ್ಡಾ ಪೈ ಮಾಡಿ ಕಳಿಸಿದಳು. ಭಾನುವಾರ ಗಂಡ ಹೆಂಡತಿ ಇಬ್ಬರೂ ಚರ್ಚಿನ ಬಾಗಿಲ ಬಳಿ ಅಕ್ಕಪಕ್ಕ ಕೂರುತ್ತಾರೆ. ನೋಡಿದವರು ಎಷ್ಟು ಚೆನ್ನಾಗಿದ್ದಾರಪ್ಪಾ ಅನ್ನಬೇಕು, ಹಾಗಿರುತ್ತಾರೆ. ಮನೆಯಲ್ಲೂ ಸಾರು, ಬ್ರೆಡ್ಡು, ಕಾಫಿ ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತದೆ, ಸೀಸೆಯ ಮುಚ್ಚಳವೂ ಸಡಿಲವಾಗಿಯೇ ಇರುತ್ತದೆ.

ಆದರೆ ದಿನಾ ಬೆಳಿಗ್ಗೆ ತಿಂಡಿಗೆ ಕೂರುವ ಮುಂಚೆ ವೆಲ್ಡಾ ಮೇಜಿನ ಮೇಲೆ ಡೆರಿಂಜರ್ ತೆರೆಯುತ್ತಾಳೆ. ಅವನ ಕಣ್ಣೆದುರಿಗೇ. ಎರಡು ತೋಟಾ ಹೊರಗೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ವಾಪಸು ಹಾಕುತ್ತಾಳೆ. ಸಿಟ್ಟಿಲ್ಲ, ಚುಚ್ಚುಮಾತಿಲ್ಲ. ಆಮೇಲೆ ಅವನಿಗೆ ಕಾಫಿ ಬಗ್ಗಿಸುತ್ತಾಳೆ. ಸ್ನಾನಕ್ಕೆ ಹೋಗುವಾಗ ಚೀಲವನ್ನು ಒಳಗೆ ತೆಗೆದುಕೊಂಡು ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ.